ಹತ್ತಿಯ ರಾಶಿಗೆ ಜಿಗಿದವರು

ಕೊಪ್ಪಳದಲ್ಲಿ ಸ್ಟೇಶನ್ನಿಗೆ ಹೋಗುವ ದಾರಿಯ ಎಡಗಡೆ ಹತ್ತಿಯಿಂದ ಕಾಳು ಬಿಡಿಸುವ ಕಾರ್ಖಾನೆಯೊಂದಿತ್ತು. ನಮ್ಮ ಬಾಯಲ್ಲಿ ಅದು ಜೀನು. ಅದರ ಹಿಂದಿನ ಗೋಡೆಗೆ ಒರಗಿಕೊಂಡು ನಮ್ಮ ಓಣಿ ಇತ್ತು. ಒರಗಿಕೊಂಡು ಎಂದದ್ದು ಬರೀ ಮಾತಿಗಲ್ಲ. ಒಂದೊಂದು ಗುಡಿಸಲಿಗೂ ಮಣ್ಣಿನ ಗೋಡೆ ಮೂರೇ, ನಾಲ್ಕನೆಯದು ಜೀನಿನ ಕಲ್ಲುಗೋಡೆ. ಒಳಗೆ ಯಂತ್ರ ನಡೆಯುವಾಗ ಆ ಗೋಡೆ ಸಣ್ಣಗೆ ನಡುಗುತ್ತಿತ್ತು. ಗೂಡಿನಲ್ಲಿಟ್ಟ ಚಿಮಣಿ ದೀಪ ತಾನೇ ಸರಿದು ಅಂಚಿಗೆ ಬರುತ್ತಿತ್ತು. ಹತ್ತಿಯ ಎಳೆಗಳು ಎಲ್ಲಿಂದಲೋ ಹಾರಿ ಬಂದು ರೊಟ್ಟಿಯ ಮೇಲೆ, ನೀರಿನ ಕೊಡದ ಬಾಯಿಗೆ, ಮಲಗಿದ ಕೂಸುಗಳ ರೆಪ್ಪೆಗೆ ಕೂರುತ್ತಿದ್ದವು. ಓಣಿಯ ಹುಡುಗರಿಗೆ ಚಿಕ್ಕಂದಿನಲ್ಲೇ ತಲೆ ನರೆತಂತೆ ಕಾಣುತ್ತಿತ್ತು. ನರೆಯುವ ವಯಸ್ಸಿನ ತನಕ ಉಳಿದವರು ಕಡಿಮೆ.

ನಾವು ಕುಷ್ಟಗಿ ಸೀಮೆಯವರು, ಹನುಮಸಾಗರದ ಹತ್ತಿರದ ಒಂದು ಹಳ್ಳಿ. ಅಪ್ಪ ಕಾಲರಾದಲ್ಲಿ ತೀರಿಕೊಂಡ ಮೇಲೆ ಅವ್ವ ನನ್ನನ್ನೂ ತನ್ನ ತಮ್ಮನನ್ನೂ ಕರೆದುಕೊಂಡು ಹತ್ತಿ ಹೇರಿದ ಒಂದು ಚಕ್ಕಡಿಯ ಹಿಂದೆ ನಡೆಯುತ್ತ ಕೊಪ್ಪಳಕ್ಕೆ ಬಂದಳಂತೆ. ನನಗೆ ಅದು ನೆನಪಿಲ್ಲ. ಅವ್ವನ ತಮ್ಮನನ್ನು ನಾನು ಸಣ್ಣಮಾವ ಎನ್ನುತ್ತಿದ್ದೆ. ಅವನನ್ನು ಹೆತ್ತು ಅಜ್ಜಿ ಸತ್ತಿದ್ದಳು. ಅವ್ವನೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನನಗಿಂತ ಐದಾರು ವರ್ಷ ದೊಡ್ಡವನು. ನಮ್ಮ ಕಡೆಯ ಪದ್ಧತಿಯಂತೆ ನಾನು ತೊಟ್ಟಿಲಲ್ಲಿದ್ದಾಗಲೇ ಅವನಿಗೆ ಎಂದು ಮಾತಾಗಿತ್ತು. ಅದರಿಂದ ನನಗೆ ಸಂತೋಷವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಅವನೂ ನನ್ನನ್ನು ಕೂಸೆಂದೇ ತಿಳಿದು ಜಡೆ ಹಿಡಿದು ಜಗ್ಗಿ ಓಡುತ್ತಿದ್ದ.

ಸಂಕ್ರಾಂತಿ ಆಗುತ್ತಲೇ ಜೀನು ಸುರುವಾಗುತ್ತಿತ್ತು. ಯಲಬುರ್ಗಾದಿಂದ, ಕುಷ್ಟಗಿಯಿಂದ ಹತ್ತಿಯ ಚಕ್ಕಡಿಗಳು ಬಂದು ಸ್ಟೇಶನ್ ರಸ್ತೆಯ ತುಂಬ ಸಾಲುಗಟ್ಟಿ ನಿಲ್ಲುತ್ತಿದ್ದವು. ಅವ್ವ ಯಂತ್ರದ ಮುಂದೆ ಕೂತು ಹತ್ತಿ ಉಣಿಸುವ ಕೆಲಸಕ್ಕೆ. ನಾನು ಬೇರೆ ಹುಡುಗಿಯರ ಜೊತೆ ಹತ್ತಿಯೊಳಗಿನ ಎಲೆಚೂರು, ಕಸ ಆರಿಸುವ ಕೆಲಸಕ್ಕೆ. ಸಣ್ಣಮಾವ ಮತ್ತು ಅವನ ವಾರಿಗೆಯ ಹುಡುಗರು ಗೋದಾಮಿನಿಂದ ಯಂತ್ರದ ತನಕ ಬುಟ್ಟಿಯಲ್ಲಿ ಹತ್ತಿ ಹೊರುವವರು. ದಿನವಿಡೀ ಅವರ ಬೆನ್ನಿಗೆ ಮುಕಾದಮನ ಕೂಗು. ಮುಕಾದಮ ಎಂದರೆ ಕೂಲಿಗಳ ಮೇಲ್ವಿಚಾರಕ. ಮಾಲೀಕ ಬರುತ್ತಿದ್ದುದು ಅಪರೂಪ. ನಮಗೆ ದೇವರು ದೆವ್ವ ಎರಡೂ ಮುಕಾದಮನೇ.

ಗೋದಾಮು ಉದ್ದನೆಯದು, ತಗಡಿನ ಮಾಡಿನದು. ಮಾಡಿನ ಕೆಳಗೆ ಗೋಡೆಯಿಂದ ಗೋಡೆಗೆ ಕಬ್ಬಿಣದ ತೊಲೆಗಳಿದ್ದವು. ಸುಗ್ಗಿ ಏರಿದಾಗ ಹತ್ತಿಯ ರಾಶಿ ಒಂದು ಬೆಳ್ಳನೆಯ ಗುಡ್ಡದಂತೆ ಬೆಳೆಯುತ್ತಿತ್ತು. ಒಮ್ಮೆ ತಗಡು ಸರಿಪಡಿಸಲು ಹತ್ತಿದ ಬಡಿಗನೊಬ್ಬ ಕಾಲು ಜಾರಿ ತೊಲೆಯಿಂದ ರಾಶಿಯ ಮೇಲೆ ಬಿದ್ದ. ಎಲ್ಲರೂ ಹೌಹಾರಿ ಓಡಿದರೆ ಅವನು ತಲೆ ಕೊಡವಿಕೊಂಡು ನಗುತ್ತ ಎದ್ದು ಬಂದ. ಹುಡುಗರು ಇಷ್ಟು ಕಂಡದ್ದೇ ಸಾಕಾಯಿತು. ಮರುದಿನ ಮಧ್ಯಾಹ್ನ ಊಟದ ಭೋಂಗಾ ಕೂಗಿ ಯಂತ್ರ ನಿಂತೊಡನೆ ಸಣ್ಣಮಾವ ಕಂಬ ಹಿಡಿದು ತೊಲೆ ಏರಿದ. ಅವನ ಹಿಂದೆ ಅವನ ಗೆಳೆಯ ಏರಿದ. ಗೆಳೆಯ ಟಾಂಗಾ ಹೊಡೆಯುವ ಒಬ್ಬ ಸಾಬರ ಮಗ, ಎತ್ತರದ ಹುಡುಗ. ಇಬ್ಬರೂ ಒಂದೇ ಬೀಡಿಯನ್ನು ಹಂಚಿಕೊಂಡು ಸೇದುವಷ್ಟು ದೋಸ್ತಿ. ಅವತ್ತು ಇಬ್ಬರೂ ಜಿಗಿದರು. ಒಂದು ವಾರ ಕಳೆಯುವುದರೊಳಗೆ ಓಣಿಯ ಮೀಸೆ ಮೂಡುವ ಹುಡುಗರೆಲ್ಲ ಜಿಗಿಯುತ್ತಿದ್ದರು.

ಮೊದಮೊದಲು ಬರೀ ಜಿಗಿತ. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕೈ ಹಿಂದಕ್ಕೆ ಕಟ್ಟಿಕೊಂಡು, ತೊಲೆಯ ಮೇಲೆ ಓಡಿ ಬಂದು. ಹಿಮ್ಮುಖವಾಗಿ ಬೀಳುವುದನ್ನು ಕಂಡುಹಿಡಿದವನು ಸಣ್ಣಮಾವ. ಅವನು ತೊಲೆಯ ಅಂಚಿಗೆ ಹಿಮ್ಮಡಿ ಇಟ್ಟು ಎರಡೂ ಕೈ ಎದೆಗೆ ಕಟ್ಟಿಕೊಂಡು ಮಾಡಿನ ಕಡೆಗೆ ಮುಖ ಮಾಡಿ ಸುಮ್ಮನೆ ಒರಗಿಬಿಡುತ್ತಿದ್ದ. ಗೋಡೆಗೆ ಒರಗಿದ ಹಾಗೆ. ಅಲ್ಲಿ ಗೋಡೆ ಇರುತ್ತಿರಲಿಲ್ಲ. ಬಿದ್ದ ಮೇಲೆ ಹತ್ತಿಯೊಳಗೆ ಮುಳುಗಿ ಸ್ವಲ್ಪ ಹೊತ್ತು ಅಲ್ಲೇ ಅಡಗಿರುತ್ತಿದ್ದ. ನಾವು ಹುಡುಗಿಯರು ಅಂಜಿ ಕೂಗತೊಡಗಿದಾಗ ಇನ್ನೆಲ್ಲಿಂದಲೋ ತಲೆ ಹೊರಹಾಕಿ "ಕೂ" ಎನ್ನುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

ಅವ್ವನಿಗೆ ಇದು ತಿಳಿದ ದಿನ ಸಂಜೆ ಮನೆಯಲ್ಲಿ ಜಗಳವಾಯಿತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ಅವನ ಎದೆಯ ಮೇಲಿನ ಅಂಗಿ ಹಿಡಿದಳು.

"ನಿನ್ನ ಹೊತ್ತಕೊಂಡ ಬಂದಿದ್ದು ತ್ವಾಲಿ ಮ್ಯಾಲಿಂದ ಬಿದ್ದ ಸಾಯಲಿ ಅಂತೇನೋ ತಮ್ಮಾ?"

"ಕೆಳಗ ಹತ್ತಿ ಐತಿ ಯಕ್ಕಾ, ಕಲ್ಲಲ್ಲ. ಏನೂ ಆಗಂಗಿಲ್ಲ."

"ಕಾಲ ಜಾರಿ ಈ ಕಡೆ ಬಿದ್ದರ? ಈ ಕಡೆ ಕಲ್ಲ ಅದಾವು."

ಸಣ್ಣಮಾವ ನಕ್ಕು ಅವಳ ಕೈ ಬಿಡಿಸಿಕೊಂಡ. ಆಮೇಲೆ ನಗು ಬಿಟ್ಟು ಹೇಳಿದ ಮಾತು ನನಗೆ ಹಾಗೇ ಉಳಿದಿದೆ.

"ಮುಂಜಾನಿಂದ ಸಂಜಿ ತನಕ ಎಲ್ಲಾರೂ ನನಗ ಲೇ ಅಂತಾರ. ಲೇ ಬಾ, ಲೇ ಹೊರು, ಲೇ ಸರಿ. ಆ ತ್ವಾಲಿ ಮ್ಯಾಲೆ ನಿಂತಾಗ ಎಲ್ಲಾರೂ ಸುಮ್ಮಕ ಮ್ಯಾಲೆ ನೋಡ್ತಾರ ಯಕ್ಕಾ. ಮುಕಾದಮನೂ ನೋಡ್ತಾನ. ಅಷ್ಟ ಹೊತ್ತರ ಯಾರೂ ಲೇ ಅನ್ನಂಗಿಲ್ಲ."

ಅವ್ವ ಮತ್ತೆ ಒಲೆಯ ಮುಂದೆ ಕೂತಳು. ಅವಳಿಗೆ ಆಗಲೇ ಜೀನಿನ ಕೆಮ್ಮು ಹತ್ತಿತ್ತು. ಕೆಮ್ಮುತ್ತಲೇ ರೊಟ್ಟಿ ತಿರುವಿದಳು. ಓಣಿಯಲ್ಲಿ ಎರಡು ಮನೆಗೊಬ್ಬರು ಹಾಗೆ ಕೆಮ್ಮುವವರಿದ್ದರು. ನಲವತ್ತಕ್ಕೆ ಬಂದ ಗಂಡಸರು ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ತಲೆ ಹಚ್ಚಿ ಉಸಿರೆಳೆಯುವುದನ್ನು ನಮ್ಮ ಹುಡುಗರು ದಿನಾ ನೋಡುತ್ತಿದ್ದರು. ಮುಂದೆ ತಾವೂ ಅಲ್ಲೇ ಕೂರುವವರೆಂದು ಅವರಿಗೆ ಗೊತ್ತಿತ್ತು. ಬಿದ್ದರೆ ಸಾಯುತ್ತೀಯೆಂದು ಅಂಥವರಿಗೆ ಹೇಳಿದರೆ ಅದು ಅವರ ಕಿವಿಗೆ ಇಳಿಯುತ್ತಿರಲಿಲ್ಲ.

ನಾನೂ ಒಂದು ಸಲ ಜಿಗಿದಿದ್ದೇನೆ. ಅಂದು ಮುಕಾದಮ ಊರಲ್ಲಿರಲಿಲ್ಲ. ಹುಡುಗಿಯರಲ್ಲಿ ಯಾರಿಗೂ ಧೈರ್ಯವಿಲ್ಲವೆಂದು ಹುಡುಗರು ಕೆಣಕಿದರು. ನಾನು ಪರಕಾರವನ್ನು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದೆ. ತೊಲೆಯ ಕಬ್ಬಿಣ ಬಿಸಿಲಿಗೆ ಕಾದು ಅಂಗಾಲು ಸುಡುತ್ತಿತ್ತು. ಕೆಳಗೆ ನೋಡಿದರೆ ರಾಶಿ ಬಹಳ ದೂರದಲ್ಲಿತ್ತು. ಇಳಿದು ಹೋಗಬೇಕೆಂದು ತಿರುಗಿದಾಗ ಸಣ್ಣಮಾವ ತೊಲೆಯ ಆಚೆ ತುದಿಯಲ್ಲಿ ನಿಂತಿದ್ದ. "ಅಂಜಿಕಿ ಬಂದ್ರ ಇಳಿ, ಯಾರೂ ನಗಂಗಿಲ್ಲ" ಎಂದ. ಅವನು ಹಾಗೆಂದುದಕ್ಕೇ ಜಿಗಿದುಬಿಟ್ಟೆ. ಆಮೇಲೆ ಮೆತ್ತನೆ, ಬೆಚ್ಚನೆ, ಬಿಳಿ ಕತ್ತಲೆ. ಬಾಯಿ ಮೂಗಿಗೆ ಹತ್ತಿ ಮುತ್ತಿಕೊಂಡಿತು. ಒದ್ದಾಡಿ ಮೇಲೆ ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ನಾನು ಅಷ್ಟು ನಕ್ಕದ್ದು ಆ ಓಣಿಯಲ್ಲಿ ಇನ್ನೊಂದು ಸಲ ಇಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಮುಂದೆ ಜನ ಆ ಹುಡುಗರನ್ನು ತಲೆಕೆಟ್ಟವರು, ಪುಂಡರು ಎಂದರು. ತಲೆ ಕೆಟ್ಟಿರಲಿಲ್ಲ. ಅಲ್ಲಿ ಸುಖವಿತ್ತು. ಬೇರೆ ಎಲ್ಲೂ ಇರಲಿಲ್ಲ.

ಮುಕಾದಮ ಇದನ್ನು ನಿಲ್ಲಿಸುತ್ತಾನೆಂದು ಹೆಂಗಸರು ಕಾದರು. ಅವನು ನಿಲ್ಲಿಸಲಿಲ್ಲ. ಅದಕ್ಕೊಂದು ಕಾರಣವಿತ್ತು. ಹತ್ತಿ ಉಬ್ಬಿಕೊಂಡಿರುವ ವಸ್ತು. ಗೋದಾಮಿನಲ್ಲಿ ಹೆಚ್ಚು ಹಿಡಿಯಬೇಕಾದರೆ ಅದನ್ನು ತುಳಿದು ಕೂರಿಸಬೇಕು. ಅದಕ್ಕೆ ಬೇರೆ ಕೂಲಿಗಳನ್ನು ಹಚ್ಚಬೇಕಿತ್ತು. ಈ ಹುಡುಗರು ದಿನಾ ಮಧ್ಯಾಹ್ನ ಮೇಲಿಂದ ಬಿದ್ದು ಬಿದ್ದು ಹತ್ತಿಯನ್ನು ಪುಕ್ಕಟೆಯಾಗಿ ಕೂರಿಸುತ್ತಿದ್ದರು. ಸ್ವಲ್ಪ ದಿನದಲ್ಲಿ ಅವನೇ ಬಾಗಿಲಲ್ಲಿ ನಿಂತು, "ಲೇ, ಆ ಮೂಲ್ಯಾಗ ಉಬ್ಬೇತಿ, ಅಲ್ಲಿ ಜಿಗೀರಿ" ಎಂದು ಬೆರಳು ಮಾಡತೊಡಗಿದ. ಹತ್ತಿ ತಂದ ವ್ಯಾಪಾರಿಗಳು ತೂಕವಾಗುವ ತನಕ ಹೊತ್ತು ಕಳೆಯಲು ಬಂದು ನೋಡುತ್ತಿದ್ದರು. ಚಲೋ ಜಿಗಿದವನಿಗೆ ಚಾ, ಮಿರ್ಚಿ, ಬೀಡಿಕಟ್ಟು ಕೊಡಿಸುತ್ತಿದ್ದರು. ಹೀಗೆ ಎರಡು ಸುಗ್ಗಿ ನಡೆಯಿತು. ಒಬ್ಬ ಹುಡುಗ ಮುಂಗೈ ಮುರಿದುಕೊಂಡ. ಇನ್ನೊಬ್ಬನ ಹಲ್ಲು ತನ್ನದೇ ಮೊಣಕಾಲಿಗೆ ಬಡಿದು ಉದುರಿದವು. ಅವನು ಆ ಖಾಲಿ ಜಾಗ ತೋರಿಸಿಕೊಂಡು ಓಣಿಯಲ್ಲಿ ಮೆರೆದ.

ದೊಡ್ಡ ಯುದ್ಧ ನಡೆದಿದ್ದ ಕಾಲ. ಮೂರನೆಯ ವರ್ಷ ಹತ್ತಿ ಬೇಗ ಕಳಿಸಬೇಕೆಂಬ ಅವಸರ ಬಹಳ ಇತ್ತು. ಸುಗ್ಗಿಯ ಕೊನೆಗೆ ಮೋಡವೂ ಕಟ್ಟತೊಡಗಿತು. ತಗಡಿನ ಮಾಡು ಅಲ್ಲಲ್ಲಿ ತೂತು ಬಿದ್ದದ್ದು, ಮಳೆ ಬಂದರೆ ಹತ್ತಿ ಕೆಡುತ್ತದೆ. ಹತ್ತಿಯನ್ನು ಮೇಲಿನಿಂದ ತೆಗೆದು ಹೊರುವಷ್ಟು ವ್ಯವಧಾನವಿಲ್ಲವೆಂದು ಮುಕಾದಮ ಯಂತ್ರದ ಕಡೆಗಿದ್ದ ಸಣ್ಣ ಬಾಗಿಲನ್ನು ತೆರೆಸಿದ. ಹೆಂಗಸರು ಅಲ್ಲಿ ಕೂತು ರಾಶಿಯ ಬುಡದಿಂದಲೇ ಹತ್ತಿ ಜಗ್ಗಿ ಜಗ್ಗಿ ಬುಟ್ಟಿಗೆ ತುಂಬತೊಡಗಿದರು. ತುಳಿದು ಕೂರಿಸಿದ ಹತ್ತಿ ಸಡಿಲ ಹತ್ತಿಯಂತೆ ಜಾರುವುದಿಲ್ಲ, ಗೋಡೆಯಂತೆ ನಿಲ್ಲುತ್ತದೆ. ಬುಡದಲ್ಲಿ ಗವಿಯಂತೆ ಪೊಳ್ಳಾಗುತ್ತ ಹೋಯಿತು. ಮೇಲೆ ರಾಶಿ ಇದ್ದ ಹಾಗೇ ಇತ್ತು. ಕೆಳಗೆ ಜಗ್ಗುವವರಿಗೆ ಮೇಲಿನದು ಕಾಣುತ್ತಿರಲಿಲ್ಲ, ಮೇಲಿನವರಿಗೆ ಕೆಳಗಿನದು ಕಾಣುತ್ತಿರಲಿಲ್ಲ.

ಆ ದಿನ ಗಂಗಾವತಿಯ ಕಡೆಯ ವ್ಯಾಪಾರಿಯೊಬ್ಬ ಬಂದಿದ್ದ. ಉಲ್ಲಾಸದ ಮನುಷ್ಯ. ಹುಡುಗರ ಜಿಗಿತ ನೋಡಿ ಖುಷಿಯಾಗಿ ತಲೆಗೆ ಸುತ್ತಿದ್ದ ಜರಿಯಂಚಿನ ರುಮಾಲನ್ನು ಬಿಚ್ಚಿ ಕೈಯಲ್ಲಿ ಹಿಡಿದು, "ಎಲ್ಲಾರಕಿಂತ ಛಲೋ ಜಿಗದಾಂವಗ ಇದು" ಎಂದ. ಮಳೆಗಾಲಕ್ಕೆ ಮೊದಲು ನಮ್ಮ ಲಗ್ನ ಮುಗಿಸಬೇಕೆಂದು ಅವ್ವ ಅಷ್ಟರಲ್ಲಿ ಹೇಳಿದ್ದಳು. ರುಮಾಲು ಕಂಡೊಡನೆ ಗೆಳೆಯ ಸಣ್ಣಮಾವನ ಬೆನ್ನಿಗೆ ಗುದ್ದಿ, "ಮದಿಮಗಾ, ಹೋಗಲೇ, ನಿನ್ನ ಲಗ್ನಕ್ಕ ಆತು" ಎಂದ. ಎಲ್ಲರೂ ನಗುತ್ತ ನನ್ನ ಕಡೆ ನೋಡಿದರು. ನಾನು ಸೆರಗಿಲ್ಲದ ಪರಕಾರದಲ್ಲಿ ಮುಖ ಮುಚ್ಚಿಕೊಳ್ಳಲು ಏನೂ ಸಿಗದೆ ಕಂಬದ ಹಿಂದೆ ಸರಿದೆ.

ಅವನು ಎಲ್ಲಕ್ಕಿಂತ ಎತ್ತರದ ತೊಲೆಗೆ ಹೋದ. ತಗಡಿಗೆ ತಲೆ ತಾಗುವಷ್ಟು ಎತ್ತರ. ಹಿಮ್ಮಡಿ ಅಂಚಿಗೆ ಇಟ್ಟ. ಎದೆಗೆ ಕೈ ಕಟ್ಟಿದ. ಗೋದಾಮು ನಿಶ್ಶಬ್ದವಾಯಿತು. ಅವನು ಹೇಳಿದ್ದು ಖರೆ, ಯಾರೂ ಲೇ ಅನ್ನಲಿಲ್ಲ. ಅವನು ಹಿಂದಕ್ಕೆ ಒರಗಿದ.

ಬಿದ್ದಾಗ ಬಂದ ಸದ್ದು ದಿನದ ಸದ್ದಲ್ಲ. ದೊಡ್ಡ ದನವೊಂದು ಉಸಿರು ಬಿಟ್ಟಂತೆ ಇತ್ತು. ರಾಶಿಯ ನಡುಭಾಗ ಒಳಕ್ಕೆ ಕುಸಿಯಿತು. ಸುತ್ತಲಿನ ಹತ್ತಿ ಮೆಲ್ಲಗೆ, ಗಡಿಬಿಡಿಯಿಲ್ಲದೆ ಜಾರಿ ಬಂದು ಆ ತಗ್ಗನ್ನು ಮುಚ್ಚಿಕೊಂಡಿತು. ವ್ಯಾಪಾರಿ ಶಭಾಷ್ ಎಂದ. ಹುಡುಗರು ಸೀಟಿ ಹೊಡೆದರು. ನಾವೆಲ್ಲ ಅವನು ಎಲ್ಲಿಂದ ತಲೆ ಹಾಕುತ್ತಾನೆಂದು ರಾಶಿಯ ಆ ಮೂಲೆ ಈ ಮೂಲೆ ನೋಡುತ್ತ ನಿಂತೆವು.

ನಾವು ನಗುತ್ತ ಕಾದೆವು. ಈ ಮಾತು ಬರೆಯಲು ಈಗಲೂ ಕಷ್ಟ. ಒಬ್ಬ ಹುಡುಗ, "ಇವತ್ತ ಭಾಳ ಹೊತ್ತ ಅಡಗ್ಯಾನ" ಎಂದ. ಇನ್ನೊಬ್ಬ, "ರುಮಾಲ ಕೊಡ್ತೀವಿ ಬಾರಲೇ" ಎಂದು ಕೂಗಿದ. ಮೊದಲು ನಗು ನಿಲ್ಲಿಸಿದವನು ಅವನ ಗೆಳೆಯ, ಟಾಂಗಾದವನ ಮಗ. ಅವನ ಮುಖ ನೋಡಿ ನಾನು ನಿಲ್ಲಿಸಿದೆ. ಅವನು ರಾಶಿಗೆ ಹಾರಿ ಎರಡೂ ಕೈಯಿಂದ ಹತ್ತಿ ಬಗೆಯತೊಡಗಿದ. ಬಗೆದಷ್ಟೂ ಸುತ್ತಲಿನದು ಜಾರಿ ತುಂಬುತ್ತಿತ್ತು. "ಕೆಳಗಿನ ಬಾಗಲಾ! ಕೆಳಗಿನ ಬಾಗಲದಿಂದ ಜಗ್ಗರ್ರಿ!" ಎಂದು ಅವನು ಚೀರಿದ. ಆಗ ಎಲ್ಲರಿಗೂ ತಿಳಿಯಿತು.

ಅವ್ವ ಆಚೆ ಯಂತ್ರದ ಕಟ್ಟೆಯ ಮೇಲೆ ರೊಟ್ಟಿ ತಿನ್ನುತ್ತಿದ್ದಳು. ಕೂಗು ಕೇಳಿ ಸಣ್ಣ ಬಾಗಿಲಿಗೆ ಬಂದಳು. ಯಾರು ಒಳಗಿದ್ದಾರೆಂದು ಅವಳಿಗೆ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹೆಂಗಸರೆಲ್ಲ ಸೇರಿ ಜಗ್ಗಿದರು. ಬಾಗಿಲಿನ ತುಂಬ ಹತ್ತಿ ಬಿಗಿದುಕೊಂಡಿತ್ತು. ಮುಷ್ಟಿ ಮುಷ್ಟಿ ಕಿತ್ತು ಹಿಂದಕ್ಕೆ ಎಸೆದರು. ನಾನು ಎಸೆದ ಹತ್ತಿಯನ್ನು ತೋಳಲ್ಲಿ ಅಪ್ಪಿ ದೂರ ಹಾಕಿದೆ. ಕಣ್ಣಿಗೆ ಬರೀ ಬಿಳಿ. ಮುಕಾದಮ ಒಂದು ಸಲ ಬಾಯಿ ತೆರೆದು, "ಹತ್ತಿ ಮಣ್ಣಿಗೆ ಹಾಕಬ್ಯಾಡರ್ರಿ" ಎಂದ. ಅವ್ವ ತಿರುಗಿ ನೋಡಿದಳು. ಅವನು ಹಿಂದೆ ಸರಿದ.

ಮೊದಲು ಸಿಕ್ಕದ್ದು ಪಾದ. ಅವ್ವ ಆ ಪಾದ ಹಿಡಿದು ಜಗ್ಗಿದಳು. ಹೊರಗೆ ಬಂದಾಗ ಅವನ ಮೈಮೇಲೆ ಒಂದು ಗಾಯವಿರಲಿಲ್ಲ, ಒಂದು ಹನಿ ರಕ್ತವಿರಲಿಲ್ಲ. ಬಾಯಿ ತುಂಬ ಹತ್ತಿ. ಅವ್ವ ಬೆರಳು ಹಾಕಿ ತೆಗೆದಳು. ತೆಗೆದಷ್ಟೂ ಇತ್ತು. ಟಾಂಗಾದವನ ಮಗ ಎದೆ ಒತ್ತಿದ, ಕೆನ್ನೆಗೆ ಬಡಿದ, ನೀರು ಹಾಕಿದ. ಆಮೇಲೆ ಅವನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತ. ವ್ಯಾಪಾರಿ ಯಾವಾಗ ಹೋದನೋ ಯಾರೂ ನೋಡಲಿಲ್ಲ.

ಸಂಜೆ ಪೊಲೀಸ್ ಅಮೀನ ಬಂದ. ಜೀನಿನ ಅಂಗಳದಲ್ಲಿ ಅವನಿಗೆ ಕುರ್ಚಿ ಹಾಕಿದರು. ಮುಕಾದಮ ಕೈಕಟ್ಟಿ ನಿಂತು ಹೇಳಿದ: "ಹುಡುಗ ಕೆಲಸಗಳ್ಳ ಇದ್ದನ್ರಿ ಸಾಹೇಬ್ರ. ಮಲಕೊಳ್ಳಾಕ ಹತ್ತಿಯೊಳಗ ಹೊಕ್ಕಾನ, ಮ್ಯಾಲೆ ರಾಶಿ ಕುಸದೈತಿ."

ಟಾಂಗಾದವನ ಮಗ ಗುಂಪಿನಿಂದ ಮುಂದೆ ಬಂದ. "ಸುಳ್ಳ ಐತ್ರಿ ಸಾಹೇಬ್ರ. ನಾವು ಜಿಗೀತಿದ್ವಿ. ಇವರ ಹೇಳತಿದ್ರು, ಜಿಗದ್ರ ಹತ್ತಿ ಕುಂದರತೈತಿ ಅಂತ. ಎಲ್ಲಿ ಜಿಗೀಬೇಕು ಅನ್ನೂದನೂ ಇವರ ತೋರಸ್ತಿದ್ರು."

ಅಮೀನ ಸುತ್ತ ನಿಂತವರನ್ನು ನೋಡಿದ. "ಮತ್ತ ಯಾರು ಕೇಳೀರಿ ಅದನ್ನ?"

ಅಲ್ಲಿ ಜಿಗಿದ ಹುಡುಗರೆಲ್ಲ ಇದ್ದರು. ಅವರ ತಾಯಂದಿರಿದ್ದರು. ನಾಳೆ ಬೆಳಗ್ಗೆ ಮತ್ತೆ ಅದೇ ಬಾಗಿಲಿಗೆ ಬರಬೇಕಾದವರು. ಎಲ್ಲರೂ ನೆಲ ನೋಡಿದರು. ಅವ್ವ ಹೆಣದ ಪಕ್ಕದಿಂದ ಎದ್ದು, "ನಾ ಕೇಳೇನ್ರಿ" ಎಂದಳು.

"ನೀ ಅವನ ಅಕ್ಕ. ನೀ ಹಂಗ ಅನ್ನಾಕಿನ" ಎಂದ ಅಮೀನ. ಸಿಟ್ಟಿನಿಂದಲ್ಲ, ದಣಿದವನಂತೆ. ಮುಕಾದಮ ಹೇಳಿದಂತೆಯೇ ಆಯಿತು. ನನ್ನ ಸಣ್ಣಮಾವ ಮಲಗಲು ಹೋಗಿ ಸತ್ತವನಾದ. ಟಾಂಗಾದವನ ಮಗನನ್ನು ಅವತ್ತೇ ಕೆಲಸದಿಂದ ತೆಗೆದರು. ಎರಡು ದಿನ ಬಿಟ್ಟು ಯಾರೋ ಅವನನ್ನು ಸ್ಟೇಶನ್ ಹತ್ತಿರ ಹಿಡಿದು ಹೊಡೆದರು. ಒಂದು ತಿಂಗಳು ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಎದ್ದ ಮೇಲೆ ಊರು ಬಿಟ್ಟ.

ಮಣ್ಣು ಮಾಡಲು ಜೀನಿನವರು ಹೊಸ ಬಿಳಿ ಬಟ್ಟೆ ಕಳಿಸಿದ್ದರು. ಅವ್ವ ಅದನ್ನು ಹೊರಗೆಸೆದು ತನ್ನ ಹಳೆಯ ಸೀರೆಯಲ್ಲಿ ಅವನನ್ನು ಸುತ್ತಿದಳು. ಮರುದಿನ ಯಂತ್ರ ಎಂದಿನಂತೆ ನಡೆಯಿತು, ನಮ್ಮ ಗೋಡೆ ಎಂದಿನಂತೆ ನಡುಗಿತು. ಮೂರನೆಯ ದಿನದ ಕಾರ್ಯ ಮುಗಿಸಿ ಅವ್ವ ಕೆಲಸಕ್ಕೆ ಹೋದಳು. ಹೋಗದೆ ತಿನ್ನುವುದೇನು? ಬುಟ್ಟಿಯಲ್ಲಿ ಬಂದದ್ದು ಅದೇ ರಾಶಿಯ ಹತ್ತಿ. ಅವಳು ಅದನ್ನೇ ಮುಷ್ಟಿ ಮುಷ್ಟಿಯಾಗಿ ಯಂತ್ರಕ್ಕೆ ಉಣಿಸಿದಳು. ನಾನು ಅದರ ಕಸ ಆರಿಸಿದೆ. ಅವನ ಅಂಗಿಯ ಒಂದು ಗುಂಡಿ ನನಗೆ ಸಿಕ್ಕಿತು. ಅವ್ವನಿಗೆ ತೋರಿಸಲಿಲ್ಲ.

ಮುಂದಿನ ಸಂಕ್ರಾಂತಿಗೆ ಮತ್ತೆ ಚಕ್ಕಡಿಗಳು ಬಂದವು, ಮತ್ತೆ ರಾಶಿ ಬೆಳೆಯಿತು. ಈ ಸಲ ಮುಕಾದಮ ಬಾಯಿಬಿಟ್ಟು ಏನೂ ಹೇಳಲಿಲ್ಲ. ಏಣಿಯನ್ನು ಮಾತ್ರ ತೊಲೆಗೆ ಒರಗಿಸಿಟ್ಟಿರುತ್ತಿದ್ದ. ಒಂದು ಮಧ್ಯಾಹ್ನ ಭೋಂಗಾ ಆದ ಮೇಲೆ ಗೋದಾಮಿನಿಂದ ಸೀಟಿ ಕೇಳಿತು. ಹೋಗಿ ನೋಡಿದರೆ ಹೋದ ವರ್ಷ ಕೆಳಗೆ ನಿಂತು ನೋಡುತ್ತಿದ್ದ ಹುಡುಗರು ಈಗ ತೊಲೆಯ ಮೇಲಿದ್ದರು. ಒಬ್ಬ ಹಿಮ್ಮಡಿ ಅಂಚಿಗಿಟ್ಟು ಎದೆಗೆ ಕೈ ಕಟ್ಟಿ ನಿಂತಿದ್ದ. ಆ ನಿಲುವನ್ನು ಅವರು ಸಣ್ಣಮಾವನಿಂದಲೇ ಕಲಿತದ್ದು.

ಅವ್ವ ನನ್ನ ಹಿಂದೆಯೇ ಬಂದಿದ್ದಳು. ರೊಟ್ಟಿಯ ಗಂಟು ಕಂಕುಳಲ್ಲಿಟ್ಟುಕೊಂಡು ಹತ್ತಿಯ ರಾಶಿ ಹತ್ತಿದಳು. ಮೊಣಕಾಲ ತನಕ ಹೂತು, ಬಿದ್ದು, ಎದ್ದು, ಕೆಮ್ಮುತ್ತ ಮೇಲೆ ಹೋಗಿ ಸರಿಯಾಗಿ ತೊಲೆಯ ಕೆಳಗೆ ಕೂತಳು. ಗಂಟು ಬಿಚ್ಚಿ ರೊಟ್ಟಿ ಮುರಿದಳು.

"ಯವ್ವಾ, ಸರೀ ಅತ್ತಾಗ. ಜಿಗಿತೇವಿ" ಎಂದು ಹುಡುಗರು ಕೂಗಿದರು.

"ಜಿಗೀರಿ. ನಾ ಎಲ್ಲಿ ಬ್ಯಾಡ ಅಂದೆ? ನನ್ನ ಮ್ಯಾಲೆ ಜಿಗೀರಿ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಇಳಿದರು. ಮರುದಿನವೂ ಅವಳು ಅಲ್ಲೇ ಕೂತಳು. ಅದರ ಮರುದಿನವೂ. ಮುಕಾದಮ ಬಂದು ಬಾಗಿಲಲ್ಲಿ ನಿಂತ.

"ಏನ ನಾಟಕ ಹಚ್ಚೀದಿ?"

"ನಾಟಕ ಅಲ್ರಿ. ರೊಟ್ಟಿ ತಿನ್ನಾಕತ್ತೇನಿ."

"ಕೆಳಗ ಕುಂತ ತಿನ್ನು."

"ಕೆಳಗ ಧೂಳ ಭಾಳ ಐತ್ರಿ."

"ಮತ್ತ ಹತ್ತಿ ತುಳಿಯೋರು ಯಾರು? ನಿಮ್ಮಪ್ಪನೇನು?"

"ನಾ ತುಳಿತೇನ್ರಿ" ಎಂದಳು ಅವ್ವ. ರೊಟ್ಟಿ ಕಟ್ಟಿಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು ಎದ್ದು ತುಳಿಯತೊಡಗಿದಳು. ನಾನು ಹೋಗಿ ಅವಳ ಜೊತೆ ತುಳಿದೆ. ನಾಲ್ಕಾರು ದಿನದಲ್ಲಿ ಹೋದ ವರ್ಷ ಅಮೀನನ ಮುಂದೆ ನೆಲ ನೋಡಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಯಾರೂ ಆ ಮಾತು ಎತ್ತಲಿಲ್ಲ. ಆ ಸುಗ್ಗಿ ಪೂರ್ತಿ ನಾವು ನಮ್ಮ ಊಟದ ಹೊತ್ತಿನಲ್ಲಿ ಕೂಲಿಯಿಲ್ಲದೆ ಜೀನಿನವರ ಹತ್ತಿ ತುಳಿದೆವು. ಧೂಳಿನಲ್ಲಿ ತುಳಿದು ತುಳಿದು ಅವ್ವನ ಕೆಮ್ಮು ಹೆಚ್ಚಿತು. ಒಂದೆರಡು ಸಲ ಸೆರಗಿನಲ್ಲಿ ರಕ್ತ ಕಂಡೆ.

ಹುಡುಗರು ನಮಗೆ ಋಣಿಗಳಾದರೆಂದು ತಿಳಿಯಬೇಡಿ. ಅವರು ನಮ್ಮನ್ನು ದ್ವೇಷಿಸಿದರು. ಓಣಿಯಲ್ಲಿ ಅವ್ವ ಹೋಗುವಾಗ ಹಿಂದಿನಿಂದ ಕೆಮ್ಮಿ ಅಣಕಿಸುತ್ತಿದ್ದರು. ಕೆಲವರು ಸ್ಟೇಶನ್ನಿನ ಆಚೆ, ಗೂಡ್ಸ್ ಗಾಡಿ ಏರು ಹತ್ತುವಲ್ಲಿ ಓಡಿ ಹೋಗಿ ಡಬ್ಬಿಗೆ ಜೋತು ಬೀಳುವುದನ್ನು ಹಿಡಿದರು. ಆ ಬೇಸಿಗೆಯಲ್ಲೇ ಒಬ್ಬನ ಪಾದ ಗಾಲಿಗೆ ಸಿಕ್ಕಿತು. ಎದೆಗೆ ಕೈ ಕಟ್ಟಿ ತೊಲೆಯ ಮೇಲೆ ನಿಂತಿದ್ದನಲ್ಲ, ಅದೇ ಹುಡುಗ. ಅವನ ತಾಯಿ ನಮ್ಮ ಬಾಗಿಲಿಗೆ ಬಂದು, "ಹತ್ತಿ ಮ್ಯಾಲರ ಜಿಗದಿದ್ರ ಕಾಲ ಉಳೀತಿತ್ತು" ಎಂದು ಎದೆ ಬಡಿದುಕೊಂಡು ಅವ್ವನನ್ನು ಶಪಿಸಿದಳು. ಅವ್ವ ಆ ಹೆಂಗಸಿಗೆ ನೀರು ಕೊಟ್ಟಳು. ಅವಳು ಕುಡಿದು ಹೋದಳು.

ಸುಗ್ಗಿ ಮುಗಿದಾಗ ಮುಂದಿನ ವರ್ಷ ಬರಬೇಡವೆಂದು ಮುಕಾದಮ ಅವ್ವನಿಗೆ ಹೇಳಿದ. ನಾವು ಗಂಗಾವತಿಯ ಕಡೆ ಭತ್ತದ ಗದ್ದೆಯ ನಾಟಿಗೆ ಹೋದೆವು. ನೀರಿನಲ್ಲಿ ನಿಂತು ಮಾಡುವ ಕೆಲಸ. ಧೂಳಿಲ್ಲವೆಂದು ಅವ್ವನಿಗೆ ಸಮಾಧಾನ. ಅಲ್ಲಿಯೇ ನನಗೆ ಲಗ್ನವಾಯಿತು. ಗಂಡ ಚಕ್ಕಡಿ ಹೊಡೆಯುವವನು, ಒಳ್ಳೆಯವನು. ನಾನು ಅಕ್ಷರ ಕಲಿತದ್ದು ಎಷ್ಟೋ ವರ್ಷದ ನಂತರ, ನನ್ನ ಮಕ್ಕಳ ಜೊತೆ.

ಹೊಳೆಗೆ ದೊಡ್ಡ ಕಟ್ಟೆ ಕಟ್ಟುವ ಕೆಲಸ ಸುರುವಾದಾಗ ಒಂದು ದಿನ ಟಾಂಗಾದವನ ಮಗ ನಮ್ಮನ್ನು ಹುಡುಕಿಕೊಂಡು ಬಂದ. ಗಡ್ಡ ಬಿಟ್ಟಿದ್ದ. ಬಂಡೆಗೆ ಮದ್ದು ತುಂಬಿ ಸಿಡಿಸುವ ಗುಂಪಿನಲ್ಲಿದ್ದ. ಒಂದು ಕಿವಿ ಕೇಳುತ್ತಿರಲಿಲ್ಲ. ಎಡಗೈಯ ಎರಡು ಬೆರಳು ಇರಲಿಲ್ಲ. ಅವ್ವ ಅವನಿಗೆ ಊಟಕ್ಕೆ ಹಾಕಿ ಎದುರು ಕೂತಳು.

"ಈಗರ ಅಂಜಿಕಿ ಅನ್ನೂದು ಬಂದೈತೋ ಇಲ್ಲೋ ನಿನಗ?" ಎಂದು ಅವ್ವ ಅವನ ಕೇಳುವ ಕಿವಿಯ ಕಡೆ ಬಾಗಿ ಕೇಳಿದಳು.

ಅವನು ತಟ್ಟೆ ನೋಡುತ್ತ ನಕ್ಕ. "ಭಾಳ ಬಂದೈತಿ ಅಕ್ಕಾರ. ದಿನಾ ಬತ್ತಿಗೆ ಬೆಂಕಿ ಹಚ್ಚಿ ಓಡೂ ಮುಂದ ಕಾಲ ನಡಗತಾವು. ಆದ್ರ ಈಗ ಕೆಲಸ ಆಗೈತಲ್ರಿ. ಬಿಡಾಕ ಬರಂಗಿಲ್ಲ."

ಅವ್ವ ಅವನ ಕೈ ಹಿಡಿದು ಬೆರಳಿಲ್ಲದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. ಹೋಗುವಾಗ ಬುತ್ತಿ ಕಟ್ಟಿಕೊಟ್ಟಳು. ಮುಂದಿನ ಹಬ್ಬಕ್ಕೆ ಬರುತ್ತೇನೆಂದು ಹೇಳಿ ಹೋದವನು ಬರಲಿಲ್ಲ. ಆ ಕೆಲಸದಲ್ಲಿ ಸತ್ತವರ ಸುದ್ದಿ ಆಗಾಗ ಬರುತ್ತಿತ್ತು, ಯಾರ ಹೆಸರೂ ಬರುತ್ತಿರಲಿಲ್ಲ. ಹೊಳೆಯ ಕಡೆಯಿಂದ ಬಂದ ಕೂಲಿಗಳನ್ನು ಅವ್ವ ತಾನು ಸಾಯುವ ತನಕ ನಿಲ್ಲಿಸಿ ಕೇಳುತ್ತಿದ್ದಳು: "ಎತ್ತರ ಹುಡುಗ ಅದಾನ್ರಿ, ಟಾಂಗಾದವರ ಮಗ, ಒಂದ ಕಿವಿ ಕೇಳಂಗಿಲ್ಲ, ಎಲ್ಲಿಯರ ನೋಡೀರೇನ್ರಿ?" ಅವರು ಇಲ್ಲವೆಂದು ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದರು.